ಹುಕ್ಕನ ನಿಯಮವೂ ನನ್ನ ಡಿಕ್ಕಿಯೂ

ಸ್ಪ್ರಿಂಗಿನ ಮೇಲೆ ಭಾರ ಬಿದ್ದಷ್ಟೂ ಅದೇ ಪ್ರಮಾಣದಲ್ಲಿ ಅದು ಕುಗ್ಗುತ್ತದೆ, ಭಾರ ತೆಗೆದರೆ ಮೊದಲಿನಂತಾಗುತ್ತದೆ, ಆದರೆ ಸ್ಥಿತಿಸ್ಥಾಪಕತೆಯ ಮಿತಿಯನ್ನು ಮೀರಿ ಹೇರಿದರೆ ಮೊದಲಿನಂತಾಗುವುದಿಲ್ಲ ಎಂಬುದನ್ನು ಇಪ್ಪತ್ತೆಂಟು ವರ್ಷ ಪದವಿಪೂರ್ವ ಕಾಲೇಜಿನಲ್ಲಿ ಬೋಧಿಸಿದವನು ನಾನು. ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ ಈ ನಿಯಮದ ಕೆಳಗೆ ಹುಡುಗರಿಂದ ಗೆರೆ ಎಳೆಸಿ, "ಇದು ಪರೀಕ್ಷೆಗೆ ಬಂದೇ ಬರುತ್ತದೆ" ಎಂದು ಪ್ರತಿ ವರ್ಷವೂ ಹೇಳುತ್ತಿದ್ದೆ. ನಿವೃತ್ತನಾದ ಮರುವರ್ಷ ಅದು ನನಗೇ ಬಂತು.

ನಿವೃತ್ತಿಯ ಹಣದಲ್ಲಿ ಒಂದು ಪಾಲನ್ನು ಹಳೆಯ ಹೈಬ್ರಿಡ್ ಕಾರೊಂದಕ್ಕೆ ಹಾಕಿದ್ದೆ. ಪೆಟ್ರೋಲ್ ಎಂಜಿನ್ನಿನ ಜೊತೆಗೆ ವಿದ್ಯುತ್ ಮೋಟಾರನ್ನೂ ಹೊಂದಿರುವ ಈ ಜಾತಿಯ ಕಾರು, ಬ್ರೇಕ್ ಒತ್ತಿದಾಗ ಬಿಸಿಯಾಗಿ ವ್ಯರ್ಥವಾಗಬೇಕಾದ ಶಕ್ತಿಯನ್ನು ಹಿಡಿದು ಬ್ಯಾಟರಿಗೆ ತುಂಬಿಕೊಳ್ಳುತ್ತದೆ. ನಮ್ಮಮ್ಮ ಅನ್ನ ಬಸಿದ ಗಂಜಿಯನ್ನು ಚೆಲ್ಲದೆ ಕೊಟ್ಟಿಗೆಗೆ ಒಯ್ಯುತ್ತಿದ್ದ ಹಾಗೆ. ಆದರೆ ಅದರ ಬ್ಯಾಟರಿ ಚಿಕ್ಕದು. ಸದ್ದಿಲ್ಲದೆ ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಎಂಜಿನ್ ಎಚ್ಚರಗೊಂಡು ಗುರುಗುಟ್ಟುತ್ತಿತ್ತು. 2004ರಲ್ಲಿ ಕ್ಯಾಲಿಫೋರ್ನಿಯಾದ ಕ್ಯಾಲ್‌ಕಾರ್ಸ್ ಎಂಬ ಉತ್ಸಾಹಿಗಳ ತಂಡವು ಟೊಯೊಟಾ ಪ್ರಿಯಸ್ ಕಾರಿಗೆ ಹೆಚ್ಚುವರಿ ಸೀಸದ ಬ್ಯಾಟರಿಗಳನ್ನು ಜೋಡಿಸಿ, ಮನೆಯ ಪ್ಲಗ್ಗಿನಿಂದಲೇ ಚಾರ್ಜ್ ಆಗುವಂತೆ ಮಾಡಿತ್ತೆಂದು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನನ್ನ ಅಕ್ಕನ ಮಗ ಯುಪಿಎಸ್ ಕೂರಿಸುವ ಕಸುಬಿನವನು. ಶರಾವತಿಯ ನೀರಿನಿಂದ 1,035 ಮೆಗಾವಾಟ್ ಉತ್ಪಾದಿಸಬಲ್ಲ ವಿದ್ಯುದಾಗಾರವಿರುವ ಸೀಮೆಯಲ್ಲಿ ಜೋರಾಗಿ ಗಾಳಿ ಬೀಸಿದರೂ ಕರೆಂಟು ಹೋಗುವುದರಿಂದ ಅವನಿಗೆ ಕೆಲಸದ ಬರವೆಂಬುದಿಲ್ಲ. ಮಾವ ಮತ್ತು ಅಳಿಯ ಸೇರಿ ಹದಿನೈದು ದಿನ ಷೆಡ್ಡಿನಲ್ಲಿ ಬೆವರು ಸುರಿಸಿ, 12 ವೋಲ್ಟಿನ 20 ಆಂಪಿಯರ್-ಅವರ್ ಬ್ಯಾಟರಿಗಳನ್ನು ಹದಿನೆಂಟು ತಂದು ಸಾಲಾಗಿ ಜೋಡಿಸಿ ಡಿಕ್ಕಿಯಲ್ಲಿ ಕೂರಿಸಿದೆವು. (216 ವೋಲ್ಟ್ ಡಿಸಿ ಕರೆಂಟಿನೊಡನೆ ನಾವು ಆಡಿದ ಆಟವನ್ನು ಯಾರೂ ಆಡಬಾರದು, ಅದರ ಪೂರ್ತಿ ವಿವರವನ್ನು ನನ್ನ ಹೆಂಡತಿಗೆ ಈಗಲೂ ಹೇಳಿಲ್ಲ.) ಕಾಗದದ ಮೇಲೆ ಲೆಕ್ಕ ಸೊಗಸಾಗಿತ್ತು. ಒಟ್ಟು ನಾಲ್ಕೂ ಚಿಲ್ಲರೆ ಯುನಿಟ್ ವಿದ್ಯುತ್ತು. ಸೀಸದ ಬ್ಯಾಟರಿಯನ್ನು ಪೂರ್ತಿ ಬರಿದು ಮಾಡಿದರೆ ಅದು ಬೇಗ ಸಾಯುವುದರಿಂದ ಅದರಲ್ಲಿ ಅರ್ಧ ಮಾತ್ರ ನಮ್ಮದು. ಆ ಎರಡು ಯುನಿಟ್ಟಿನಲ್ಲಿ ಶಿವಮೊಗ್ಗದಿಂದ ಗಾಜನೂರು ಅಣೆಕಟ್ಟೆಯವರೆಗೆ ಒಂದು ತೊಟ್ಟು ಪೆಟ್ರೋಲಿಲ್ಲದೆ ಹೋಗಬಹುದಿತ್ತು. ಗಾಜನೂರಿನಲ್ಲಿ ನನಗೆ ಏನು ಕೆಲಸ ಎಂಬುದನ್ನು ನಾನು ಯೋಚಿಸಿರಲಿಲ್ಲ.

ಯೋಚಿಸದ ಇನ್ನೊಂದು ವಿಷಯವೆಂದರೆ ತೂಕ. ಮಂಡಿಯ ತಕ್ಕಡಿಯಲ್ಲಿ ಅಡಿಕೆ ಇನ್ನೂರು ಗ್ರಾಂ ಕಡಿಮೆ ಬಂದರೂ ಊಟ ಬಿಟ್ಟು ಜಗಳಕ್ಕೆ ನಿಲ್ಲುತ್ತಿದ್ದ ಅಪ್ಪನ ಮಗನಾಗಿ ಹುಟ್ಟಿಯೂ, ವೋಲ್ಟು, ಆಂಪಿಯರು, ರೂಪಾಯಿ, ಕಿಲೋಮೀಟರು ಎಲ್ಲವನ್ನೂ ಕೂಡಿಸಿದ ನಾನು ಕಿಲೋಗ್ರಾಮನ್ನು ಮಾತ್ರ ಕೂಡಿಸಿರಲಿಲ್ಲ. ಒಂದೊಂದು ಬ್ಯಾಟರಿ ಆರೂವರೆ ಕೆ.ಜಿ.; ಕಬ್ಬಿಣದ ಚೌಕಟ್ಟು, ವೈರು, ಚಾರ್ಜರ್ ಸೇರಿ ಸುಮಾರು 135 ಕೆ.ಜಿ. ಅಂದರೆ ಹಗಲೂ ರಾತ್ರಿ ಇಳಿಸದೆ ಎರಡು ಮೂಟೆ ಅಡಿಕೆ ಹೊತ್ತ ಕಾರು. ಅದೂ ಹಿಂದಿನ ಚಕ್ರಗಳಿಗಿಂತ ಹಿಂದೆ ಹೊತ್ತದ್ದರಿಂದ, ಸನ್ನೆಕೋಲಿನ ತತ್ತ್ವದಂತೆ, ಮುಂಭಾಗ ಹಗುರಾಗಿ ಆ ಹೊರೆಯೂ ಹಿಂದಿನ ಸ್ಪ್ರಿಂಗುಗಳ ತಲೆಯ ಮೇಲೇ ಬಿತ್ತು.

"ಏನ್ರೀ, ಇದು ಸಕ್ರೆಬೈಲಿನ ಆನೆ ಮಾವುತನನ್ನು ಹತ್ತಿಸಿಕೊಳ್ಳಲು ಕೂತ ಹಾಗೆ ಕೂತಿದೆಯಲ್ಲ" ಎಂದು ಹೆಂಡತಿ ಮೊದಲ ದಿನವೇ ಹೇಳಿದಳು. ಕಾರಿಗೆ ಗಾಂಭೀರ್ಯ ಬಂದಿದೆ ಎಂದು ನಾನು ಉತ್ತರಿಸಿದೆ.

ಆ ಮಳೆಗಾಲದ ಆರಂಭದಲ್ಲಿ ತೀರ್ಥಹಳ್ಳಿಯ ಹತ್ತಿರದ ಮಾವನ ಮನೆಗೆ ಹೋದೆವು. ವಕೀಲನಾದ ಭಾವಮೈದುನ ಡಿಕ್ಕಿ ತೆರೆದು ನೋಡಿ, "ಭಾವ, ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಓದಿದ್ದೀರಾ?" ಎಂದು ಕೇಳಿದ. ವಾಹನವನ್ನು ನೋಂದಣಿಯ ವಿವರಕ್ಕೆ ಹೊಂದದಂತೆ ಮಾರ್ಪಡಿಸುವುದನ್ನು ಅದು ನಿಷೇಧಿಸುತ್ತದಂತೆ. ಕಾನೂನು ಅಷ್ಟಕ್ಕೆ ನಿಂತಿತು, ಅತ್ತೆಯವರು ನಿಲ್ಲಲಿಲ್ಲ. ಮಲೆನಾಡಿನಲ್ಲಿ ಮಗಳ ಕಾರು ಬರಿದಾಗಿ ಹಿಂದಿರುಗುವ ಪದ್ಧತಿಯಿಲ್ಲವಾದ್ದರಿಂದ ಎರಡು ಹಲಸಿನ ಹಣ್ಣು, ಒಂದು ಬಾಳೆಗೊನೆ, ಐವತ್ತು ತೆಂಗಿನಕಾಯಿ ಮತ್ತು ಅಪ್ಪೆಮಿಡಿಯ ಭರಣಿ ಬ್ಯಾಟರಿಗಳ ಮೇಲೂ ಹಿಂದಿನ ಸೀಟಿನಲ್ಲೂ ಏರಿದವು. ಹಿಂದೆ ಕುಸಿದು ಮುಂದೆ ಎದ್ದ ಕಾರಿನ ಹೆಡ್‌ಲೈಟು ಕತ್ತಲಾದ ಮೇಲೆ ರಸ್ತೆಯನ್ನು ಬಿಟ್ಟು ಮರದ ತುದಿಗಳನ್ನು ಬೆಳಗತೊಡಗಿತು. ಎದುರು ಬಂದ ಲಾರಿಯವರೆಲ್ಲ ನನ್ನನ್ನು ಬೈದರು. ಒಂದು ಹಾರುಬೆಕ್ಕು ಮಾತ್ರ ಸ್ಪಷ್ಟವಾಗಿ ಕಾಣಿಸಿತು. ಅದನ್ನು ನೋಡುವ ಭರದಲ್ಲಿ ಮಂಡಗದ್ದೆಯ ಆಚೆಯ ಉಬ್ಬು ಕಾಣಲಿಲ್ಲ. ಮುಂದಿನ ಚಕ್ರಗಳು ಹಾರಿದವು, ಹಿಂದಿನವು ಇಳಿದವು, "ಢಬ್" ಎಂಬ ಸದ್ದಿನ ಬೆನ್ನಿಗೆ ಭರಣಿ ಒಡೆಯಿತು. ಅಲ್ಲಿಂದ ಮನೆಯವರೆಗೆ ಕಾರು ಪ್ರತಿ ಗುಂಡಿಯಲ್ಲೂ ಕೊಡಲಿಯಿಂದ ಕಟ್ಟಿಗೆ ಸೀಳಿದಂತೆ ಸದ್ದು ಮಾಡುತ್ತ, ಉಪ್ಪಿನಕಾಯಿಯ ಘಮ ಬೀರುತ್ತ ಬಂತು.

ಗ್ಯಾರೇಜಿನ ಮೇಸ್ತ್ರಿ ಡಿಕ್ಕಿಯ ಮೇಲೆ ಅಂಗೈ ಊರಿ ಒಮ್ಮೆ ಒತ್ತಿದ. ಕಾರು ಇಳಿಯಲೂ ಇಲ್ಲ, ಏಳಲೂ ಇಲ್ಲ. ಕೆಳಗೆ ನುಸುಳಿ ನೋಡಿ, ಬಲಗಡೆಯ ಶಾಕ್ ಅಬ್ಸಾರ್ಬರ್ ಎಣ್ಣೆ ಕಕ್ಕಿದೆ, ರಬ್ಬರ್ ಸ್ಟಾಪರ್ ಪುಡಿಯಾಗಿದೆ, ಸ್ಪ್ರಿಂಗು ಕೂತುಬಿಟ್ಟಿದೆ ಎಂದ. "ಬ್ಯಾಟರಿ ಇಳಿಸಿಬಿಡಿ ಮೇಷ್ಟ್ರೇ" ಎಂದು ಎರಡು ಸಲ ಹೇಳಿದ. ಗಾಜನೂರಿನ ಆಸೆ ಬಿಡದ ನಾನು, ಭಾರಕ್ಕೆ ತಕ್ಕ ದಪ್ಪನೆಯ ಸ್ಪ್ರಿಂಗನ್ನೇ ಹಾಕೆಂದು ಹಟ ಹಿಡಿದೆ. ಹುಡುಕಿ ತರಿಸಿ ಹಾಕಿದ. ಉಳಿಸಿದ ಪೆಟ್ರೋಲಿನ ಹಣದಿಂದ ಆ ಬಿಲ್ಲನ್ನು ತೀರಿಸಲು ನಾನು ಇನ್ನೆಷ್ಟು ವರ್ಷ ಬದುಕಬೇಕು ಎಂಬ ಲೆಕ್ಕವನ್ನು ಅರ್ಧಕ್ಕೇ ನಿಲ್ಲಿಸಿದ್ದೇನೆ.

ಅದಾದ ನಾಲ್ಕೇ ತಿಂಗಳಿಗೆ ಬ್ಯಾಟರಿಗಳು ಕೈಕೊಟ್ಟವು. ಸಾಲಾಗಿ ಜೋಡಿಸಿದ ಹದಿನೆಂಟರಲ್ಲಿ ಒಂದು ಸೊರಗಿದರೆ ಉಳಿದ ಹದಿನೇಳೂ ಅದರ ಜೊತೆಗೆ ನರಳುತ್ತವೆ, ಕೂಡುಕುಟುಂಬದ ಹಾಗೆ. ಎಲ್ಲವನ್ನೂ ಗುಜರಿಗೆ ಹಾಕಿದೆ, ಸೀಸಕ್ಕೆ ಒಳ್ಳೆಯ ಬೆಲೆಯೇ ಸಿಕ್ಕಿತು. ಭಾರ ಇಳಿದದ್ದೇ ದಪ್ಪ ಸ್ಪ್ರಿಂಗುಗಳು ಸೆಟೆದು ನಿಂತು, ಆನೆಯಂತೆ ಕೂತಿದ್ದ ಕಾರು ಮಿಡತೆಯಂತೆ ಹಿಂಭಾಗ ಎತ್ತಿ ನಿಂತಿತು. ಸಣ್ಣ ಕಲ್ಲು ಸಿಕ್ಕರೂ ಹಿಂದೆ ಕೂತವರ ತಲೆ ಸೂರಿಗೆ ತಾಗುತ್ತಿತ್ತು. ಹೊಸ ಸ್ಪ್ರಿಂಗಿನ ಮಾತನ್ನು ಮತ್ತೆ ಎತ್ತುವ ಧೈರ್ಯ ನನಗಾಗಲಿ ಮೇಸ್ತ್ರಿಗಾಗಲಿ ಇರಲಿಲ್ಲ. ಅವನೇ ತಲೆ ಕೆರೆದುಕೊಂಡು, "ಡಿಕ್ಕಿಯಲ್ಲಿ ಏನಾದರೂ ಭಾರ ಇಟ್ಟುಕೊಳ್ಳಿ ಮೇಷ್ಟ್ರೇ" ಎಂದ.

ಮನೆಯ ಗಾರೆ ಕೆಲಸದಲ್ಲಿ ಮಿಕ್ಕಿದ್ದ ಮರಳನ್ನು ಎರಡು ಚೀಲ ತುಂಬಿ ಡಿಕ್ಕಿಯಲ್ಲಿ ಇಟ್ಟುಕೊಂಡಿದ್ದೇನೆ. ಕಾರು ಈಗ ಹದವಾಗಿ ಓಡುತ್ತದೆ. ಕಳೆದ ವಾರ ತೀರ್ಥಹಳ್ಳಿ ರಸ್ತೆಯಲ್ಲಿ ತಪಾಸಣೆಗೆ ನಿಲ್ಲಿಸಿದ ಪೊಲೀಸಪ್ಪ ಡಿಕ್ಕಿ ತೆಗೆಸಿ, ಮರಳನ್ನು ಚಿವುಟಿ ನೋಡಿ, ಪರ್ಮಿಟ್ ಎಲ್ಲಿ ಎಂದು ಕೇಳಿದರು. ನಾನು ಹುಕ್ಕನ ನಿಯಮದಿಂದ ಆರಂಭಿಸಿ ಎಲ್ಲವನ್ನೂ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಚೀಲಗಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಅದೆಲ್ಲ ಇರಲಿ, ಎರಡು ಚೀಲದಲ್ಲಿ ಎಂಥ ಮನೆ ಕಟ್ಟುತ್ತೀರಿ ಸಾರ್?" ಎಂದರು.