ಎಲ್ಲಿಗಿ ಬಂತ್ರಿ ಗಾಡಿ?

ಜಿಎಸ್‌ಟಿ ಬಗ್ಗೆ ಯಾರು ಏನೇ ಅನ್ನಲಿ, ಆ ನಿಯಮ ಬರೆದವರಲ್ಲಿ ಒಬ್ಬರಾದರೂ ಲೋಬೆಡ್ ಟ್ರೇಲರಿನ, ಅಂದರೆ ಭಾರೀ ಮಷೀನ್ ಹೊರುವ ತಗ್ಗು ಹಾಸಿನ ಗಾಡಿಯ, ಹಿಂದೆ ಸಿಕ್ಕಿಕೊಂಡು ಘಾಟ್ ಹತ್ತಿದವರು ಇರಲೇಬೇಕು. ಮಾಮೂಲಿ ಲಾರಿಗೆ ಈ-ವೇ ಬಿಲ್, ಅಂದರೆ ಮಾಲು ಸಾಗಿಸಲು ಬೇಕಾದ ಜಿಎಸ್‌ಟಿ ಕಾಗದ, ಮಾಡಿದರೆ 200 ಕಿಲೋಮೀಟರಿಗೆ ಒಂದು ದಿನದ ಅವಧಿ. ಅಳತೆ ಮೀರಿದ ಮಾಲಿಗೆ, ಅಂದರೆ ನಮ್ಮ ಓ.ಡಿ.ಸಿ. ಗಾಡಿಗೆ, 20 ಕಿಲೋಮೀಟರಿಗೆ ಒಂದು ದಿನ. ಮುಂಬೈ ಪಕ್ಕದ ನ್ಹಾವಾ ಶೇವಾ ಬಂದರಿನಿಂದ ನಮ್ಮ ಮುಧೋಳ ಸೀಮೆಗೆ ಸುಮಾರು 500 ಕಿಲೋಮೀಟರ್. ನೀವೇ ಭಾಗಿಸಿ ನೋಡಿ. 25 ದಿನ! ನಿಧಾನಕ್ಕೆ ಬಾರಪ್ಪಾ ಅಂತ ಸರ್ಕಾರವೇ ಕಾಗದದ ಮೇಲೆ ಬರೆದುಕೊಟ್ಟ ಇನ್ನೊಂದು ಕೆಲಸ ಇದ್ದರೆ ಹೇಳಿ.

ಮಷೀನ್ ಕೊಂಡ ನಮ್ಮ ಸಾಹುಕಾರ್ರಿಗೆ ಮಾತ್ರ ಗಾಡಿ ನಾಳೆ ಬೆಳಿಗ್ಗೆ ಬೇಕು.

ನಾನು ಬೆಳಗಾವಿಯ ಒಂದು ಸಣ್ಣ ಟ್ರಾನ್ಸ್‌ಪೋರ್ಟ್ ಆಫೀಸಿನವನು. ಉದ್ಯಮಬಾಗ್, ಮಚ್ಛೆ ಕಡೆಯ ಫೌಂಡ್ರಿ, ವರ್ಕ್‌ಶಾಪುಗಳಿಗೆ ಮಷೀನ್ ತರಿಸಿಕೊಡುವುದು ನಮ್ಮ ದಿನದ ದಂಧೆ. ಕಂಟೇನರಿನಲ್ಲಿ ಹಿಡಿಸುವ ಮಷೀನ್ ಆದರೆ ತಲೆನೋವಿಲ್ಲ. ಬಾಗಿಲು ಮುಚ್ಚು, ಸೀಲ್ ಹಾಕು, ಓಡಿಸು. ಸಾಹುಕಾರ್ರು ಕೊಂಡದ್ದು ಹಳೆಯ ಜರ್ಮನ್ ವಿಟಿಎಲ್. ನಿಂತ ಲೇತ್ ಅನ್ನಿ. ಕುಂಬಾರನ ತಿಗರಿಯ ಹಾಗೆ ಟೇಬಲ್ ತಿರುಗುತ್ತದೆ, ಮೇಲಿನಿಂದ ಟೂಲ್ ಇಳಿದು ಕಬ್ಬಿಣ ಕೆರೆಯುತ್ತದೆ. ಸಕ್ಕರೆ ಕಾರ್ಖಾನೆಯ ದೊಡ್ಡ ದೊಡ್ಡ ಗೇರುಗಳನ್ನು ಊರಲ್ಲೇ ಟರ್ನಿಂಗ್ ಮಾಡಿಕೊಡಬೇಕು ಅನ್ನುವುದು ಅವರ ಬಹಳ ದಿನದ ಆಸೆ. ಆಸೆ ಒಳ್ಳೆಯದೇ. ಆದರೆ ಅದರ ತೂಕ ಮೂವತ್ತು ಟನ್ ಮೇಲೆ. ಅಗಲ 3.4 ಮೀಟರ್. ನಮ್ಮ ದೇಶದಲ್ಲಿ ಗಾಡಿಯ ಅಗಲ 2.6 ಮೀಟರ್ ದಾಟಬಾರದು. ದಾಟಿದರೆ ಪರ್ಮಿಟ್ ಬೇಕು, ಕೆಂಪು ಬಾವುಟ ಬೇಕು, ಮುಂದೆ ಪೈಲಟ್ ಗಾಡಿ ಬೇಕು. ಇವೆಲ್ಲಕ್ಕಿಂತ ಜಾಸ್ತಿ ಬೇಕಾದದ್ದು ಫೋನ್ ಎತ್ತುವ ಶಕ್ತಿ.

ಮೊದಲ ಫೋನ್ ಬೆಳಿಗ್ಗೆ ಐದೂವರೆಗೆ.

"ಎಲ್ಲಿಗಿ ಬಂತ್ರಿ ಗಾಡಿ?"

ಗಾಡಿ ಬಂದರಿನಲ್ಲೇ ಇತ್ತು. ಹಡಗಿನಿಂದ ಇಳಿದಿತ್ತು, ಕಸ್ಟಮ್ಸ್ ಕಾಗದ ಮುಗಿದಿರಲಿಲ್ಲ. ಹೇಳಿದೆ. "ಹೌದ್ರಿ? ಆತು" ಅಂದರು. ನಾಷ್ಟಾ ಆದ ಮೇಲೆ ಮತ್ತೆ ಮಾಡಿದರು. "ಎಲ್ಲಿಗಿ ಬಂತ್ರಿ?" ಅವರು ನಾಷ್ಟಾ ಮಾಡುವ ಹೊತ್ತಿಗೆ ಕಸ್ಟಮ್ಸ್ ಸಾಹೇಬರೂ ನಾಷ್ಟಾ ಮಾಡುತ್ತಿದ್ದರು ಅನ್ನುವುದು ಅವರಿಗೆ ಹೊಳೆಯಲೇ ಇಲ್ಲ. ಊಟಕ್ಕೆ ಮುಂಚೆ ಒಂದು, ಊಟ ಆದ ಮೇಲೆ ಒಂದು, ಸಂಜೆ ಚಹಾಕ್ಕೆ ಒಂದು. ರಾತ್ರಿ ಮಲಗುವಾಗ ಮಾತ್ರ ಬೇರೆ ಮಾತು: "ಎದ್ದಿದ್ದೀರೇನ್ರಿ? ಸುಮ್ನ ಮಾಡಿದ್ಯಾ. ಎಲ್ಲಿಗಿ ಬಂತು?"

ಗಾಡಿ ಹೊರಟಿತು. ಈಗಲಾದರೂ ಕಡಿಮೆ ಆಗಬಹುದು ಅಂತ ಟ್ರ್ಯಾಕಿಂಗ್ ಲಿಂಕ್ ಕಳಿಸಿಕೊಟ್ಟೆ. ಮ್ಯಾಪಿನಲ್ಲಿ ನೀಲಿ ಚುಕ್ಕಿ ಕಾಣುತ್ತದೆ, ನೋಡಿಕೊಳ್ಳಲಿ ಅಂತ. ಆಮೇಲೆ ಫೋನು ಎರಡರಷ್ಟಾದವು. "ಚುಕ್ಕಿ ಅಳಗಾಡವಲ್ದಲ್ರಿ?" ಅಂದರು. ಡ್ರೈವರ್ ಸ್ನಾನ ಮಾಡುತ್ತಿದ್ದಾನೆ ಅಂದೆ. "ಇಷ್ಟ್ ಹೊತ್ತ?" ಖಂಬಾಟ್ಕಿ ಘಾಟಿನಲ್ಲಿ ಚುಕ್ಕಿ ಆಮೆಗಿಂತ ನಿಧಾನ ಹತ್ತಿತು. ಅಲ್ಲಿನ ಪ್ರತಿ ತಿರುವಿಗೂ ನನಗೊಂದು ಫೋನ್ ಬಂತು. ಕೃಷ್ಣಾ ನದಿಯ ಸೇತುವೆ ಹತ್ತಿರ ಚುಕ್ಕಿ ಸ್ವಲ್ಪ ಪಕ್ಕಕ್ಕೆ ಸರಿದು ನೀರಿನ ಮೇಲೆ ಕಾಣಿಸಿಕೊಂಡಿತು. ಜಿಪಿಎಸ್ ಅಂದರೆ ಹಾಗೇ ಅಲ್ವಾ, ಅತ್ತ ಇತ್ತ ಆಗುತ್ತದೆ. ಸಾಹುಕಾರ್ರ ದನಿ ನಡುಗುತ್ತಿತ್ತು. "ಗಾಡಿ ಹೊಳ್ಯಾಗ ಐತಲ್ರೀ!" ಮೂವತ್ತು ಟನ್ ಮಷೀನ್ ಹೊಳೆಯಲ್ಲಿ ಇದ್ದಿದ್ದರೆ ಚುಕ್ಕಿ ಮೊದಲು ಕಾಣೆಯಾಗುತ್ತಿತ್ತು ಅಂತ ಸಮಾಧಾನ ಮಾಡಿದೆ. ಅದರಿಂದ ಅವರಿಗೆ ಸಮಾಧಾನ ಆದ ಹಾಗೆ ಕಾಣಲಿಲ್ಲ.

ನಿಪ್ಪಾಣಿ ಆಗಿ ತವಂದಿ ಘಾಟ್ ದಾಟುವ ಹೊತ್ತಿಗೆ ನಾನೇ ಬೈಕ್ ಹತ್ತಿ ಸಂಕೇಶ್ವರಕ್ಕೆ ಹೋದೆ. ಗಾಡಿಯ ಹತ್ತಿರವೇ ಇದ್ದರೆ ಸುಳ್ಳು ಹೇಳುವ ಕಷ್ಟವಾದರೂ ತಪ್ಪುತ್ತದೆ.

ಹೈವೇ ಬಿಟ್ಟು ಒಳದಾರಿ ಹಿಡಿದ ಮೇಲೆ ಶುರುವಾದದ್ದು ಕಬ್ಬಿನ ಸೀಸನ್. ಇಲ್ಲಿ ನನಗೆ ಕೋಪ ಬರುವ ಒಂದು ವಿಷಯ ಇದೆ, ಹೇಳಿಬಿಡುತ್ತೇನೆ. ನಮ್ಮ ಗಾಡಿಗೆ ಪರ್ಮಿಟ್ ಇದೆ. ನಾಲ್ಕೂ ಮೂಲೆಗೆ ಕೆಂಪು ಬಾವುಟ, ಮಿಣುಕುವ ದೀಪ, ಹಿಂದೆ 'ಅಗಲವಾದ ಸರಕು' ಅಂತ ಬೋರ್ಡು. ಎದುರಿಗೆ ಬರುತ್ತದೆ ನೋಡಿ ಕಬ್ಬಿನ ಟ್ರ್ಯಾಕ್ಟರ್, ಹಿಂದೆ ಎರಡೆರಡು ಟ್ರೇಲರ್. ಕಬ್ಬು ಎರಡೂ ಕಡೆ ಚಾಚಿಕೊಂಡು ನಮ್ಮ ಮಷೀನಿಗಿಂತ ಅಗಲ. ಹಿಂದೆ ದೀಪ ಇಲ್ಲ, ರಿಫ್ಲೆಕ್ಟರ್ ಇಲ್ಲ. ಇರುವುದು ಎರಡು ದೊಡ್ಡ ಸ್ಪೀಕರು, ಅದರಲ್ಲಿ ಎದೆ ನಡುಗಿಸುವ ಹಾಡು. ಅದಕ್ಕೆ ಯಾರ ಪರ್ಮಿಟ್ಟೂ ಬೇಡ. ಕೂಡುರಸ್ತೆಯಲ್ಲಿ ನಿಂತಿದ್ದ ಸಾಹೇಬರೊಬ್ಬರು ನಮ್ಮನ್ನು ಪಕ್ಕಕ್ಕೆ ಹಾಕಿಸಿ, "ಅಳತೆ ಜಾಸ್ತಿ ಐತಿ, ಕಬ್ಬಿನ ಗಾಡಿ ಹೋಗ್ಲಿ ತಡೀರಿ" ಅಂದರು. ಒಂದರ ಹಿಂದೆ ಒಂದು ಹೋದವು. ಎಲ್ಲಾ ಡ್ರೈವರುಗಳೂ ನಮ್ಮ ಗಾಡಿ ನೋಡಿ, "ಅಬಾಬಾ, ಎಷ್ಟ್ ಅಗಲ ಹೇರ್ಯಾರಲೇ!" ಅಂತ ಆಶ್ಚರ್ಯಪಟ್ಟುಕೊಂಡೇ ಹೋದರು.

ಮಷೀನಿನ ಮೇಲೆ ಬಿದಿರು ಕೋಲು ಹಿಡಿದು ಕೂರುವ ಹುಡುಗ ಒಬ್ಬನಿದ್ದ. ಬಿಹಾರದವನು. ಅವನ ಕೆಲಸ ತಂತಿ ಎತ್ತುವುದು. ಕರೆಂಟಿನ ತಂತಿಗೆ ಕೈ ಹಾಕುವ ಹಾಗಿಲ್ಲ, ಅದಕ್ಕೆ ಲೈನ್‌ಮನ್ ಬಂದು ಸಪ್ಲೈ ತೆಗೆಯಬೇಕು. ಇವನು ಎತ್ತುವುದು ಟಿವಿ ಕೇಬಲ್, ಇಂಟರ್‌ನೆಟ್ ವೈರ್. ರಸ್ತೆ ದಾಟುವ ಮನೆ ಕರೆಂಟಿನ ತಂತಿ ಕಡಿಮೆ ಅಂದರೂ 5.8 ಮೀಟರ್, ಅಂದರೆ 19 ಅಡಿ ಎತ್ತರ ಇರಬೇಕು ಅಂತ ಪುಸ್ತಕದಲ್ಲಿ ಇದೆ. ಟ್ರೇಲರ್ ಸೇರಿ ನಮ್ಮ ಮಷೀನ್ 16 ಅಡಿ. ಪುಸ್ತಕದ ಪ್ರಕಾರ ಮೂರಡಿ ಗಾಳಿ ಆಡಬೇಕು. ಊರೊಳಗೆ ಪುಸ್ತಕ ಓದಿದ ತಂತಿಗಳು ಕಡಿಮೆ.

ಗೋಕಾಕ ಬಿಡುವಾಗ ಗಾಡಿ ನಿಲ್ಲಿಸಿದ್ದರು. ಟ್ರೇಲರಿನ ನೆರಳಲ್ಲಿ ಸಣ್ಣ ಸ್ಟೌ ಹಚ್ಚಿ ಡ್ರೈವರ್ ಅನ್ನ ಇಟ್ಟಿದ್ದ. ನಾನು ಕರದಂಟು ತಂದುಕೊಟ್ಟೆ. ಹುಡುಗನಿಗೆ, ಇಲ್ಲೇ ಹತ್ತಿರದಲ್ಲಿ ಗೋಕಾಕ ಫಾಲ್ಸ್ ಇದೆ, 52 ಮೀಟರ್ ಮೇಲಿಂದ ನೀರು ಬೀಳುತ್ತದೆ, ದೊಡ್ಡ ಜಾಗ ಅಂದೆ. ಅವನು ಕರದಂಟು ಅಗಿಯುತ್ತಾ ಕೇಳಿದ, "ಉಧರ್ ತಾರ್ ನೀಚೆ ಹೈ ಕ್ಯಾ?" ಅಲ್ಲಿ ತಂತಿ ಕೆಳಗಿದೆಯಾ ಅಂತ. ನಗು ಬಂತು. ಆದರೆ ಅವನು ತಮಾಷೆಗೆ ಕೇಳಿದ್ದಲ್ಲ. ಸಾತಾರಾ, ಕೊಲ್ಹಾಪುರ, ಸಂಕೇಶ್ವರ, ಯಾವ ಊರಿನ ಹೆಸರು ಹೇಳಿದರೂ ಅಲ್ಲಿ ತಂತಿ ಜೋತು ಬಿದ್ದಿದೆಯೋ ಬಿಗಿ ಇದೆಯೋ ಹೇಳುತ್ತಾನೆ. ಮರದ ಕೊಂಬೆ ಎಲ್ಲಿ ಅಡ್ಡ ಅಂತ ಹೇಳುತ್ತಾನೆ. ಆ ಊರುಗಳಲ್ಲಿ ಕೆಳಗೆ ಏನಿದೆ ಅನ್ನುವುದು ಅವನಿಗೆ ಗೊತ್ತಿಲ್ಲ. ಕತ್ತು ಎತ್ತಿಕೊಂಡೇ ಇಷ್ಟು ದೇಶ ತಿರುಗಿದ್ದಾನೆ. ಫಾಲ್ಸಿಗೆ ಬೈಕಿನಲ್ಲಿ ಕರೆದುಕೊಂಡು ಹೋಗಿ ಬರೋಣ ಅಂತ ಎದ್ದೆ. ಜೇಬಿನಲ್ಲಿ ಫೋನ್ ಬಡಿದುಕೊಂಡಿತು.

"ಎಲ್ಲಿಗಿ ಬಂತ್ರಿ? ಭಟ್ರು ಹನ್ನೊಂದೂವರಿ ಮುಹೂರ್ತ ಹೇಳ್ಯಾರ."

ಫಾಲ್ಸ್ ಅಲ್ಲಿಗೇ ಬಿತ್ತು.

ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಸಾಹುಕಾರ್ರ ಊರಿನ ಅಗಸೆ ಬಾಗಿಲು ಕಂಡಿತು. ಈ ದಾರಿಯನ್ನು ನಾನೇ ಮುಂಚೆ ಟೇಪ್ ಹಿಡಿದು ಅಳೆದಿದ್ದೆ. ಅಡ್ಡ ಬರುವ ಎರಡು ವೈರು ಬಿಟ್ಟರೆ ಏನೂ ಇರಲಿಲ್ಲ. ಈಗ ರಸ್ತೆಗೆ ಅಡ್ಡ ಒಂದು ಕಮಾನು ನಿಂತಿದೆ! ಬೊಂಬು ಕಟ್ಟಿ, ಬಾಳೆಕಂಬ ನಿಲ್ಲಿಸಿ, ಮೇಲೆ ಫ್ಲೆಕ್ಸ್. ಮಧ್ಯದಲ್ಲಿ ಸಾಹುಕಾರ್ರು ಕೈಮುಗಿದು ನಿಂತಿದ್ದಾರೆ. ಎಡಕ್ಕೆ ಅವರ ತಂದೆಯವರು. ಬಲಕ್ಕೆ ಮಗ, ಕೂಲಿಂಗ್ ಗ್ಲಾಸ್ ಹಾಕಿಕೊಂಡು ಮೊಬೈಲಿನಲ್ಲಿ ಮಾತಾಡುತ್ತಿರುವ ಭಂಗಿ. ಮೂಲೆಯಲ್ಲಿ ನೆಟ್ಟಿನಿಂದ ಇಳಿಸಿದ ಯಾವುದೋ ಮಷೀನಿನ ಚಿತ್ರ. ನಮ್ಮ ಮಷೀನ್ ಅಲ್ಲ, ಜೆಸಿಬಿ ಇರಬೇಕು. ಕೆಳಗೆ ದಪ್ಪ ಅಕ್ಷರದಲ್ಲಿ 'ಜರ್ಮನ್ ಯಂತ್ರಕ್ಕೆ ಹಾರ್ದಿಕ ಸ್ವಾಗತ'.

ಸ್ವಾಗತದ ಎತ್ತರ 15 ಅಡಿ.

ಡ್ರೈವರ್ ಬ್ರೇಕ್ ಹಾಕಿದ. ಮಷೀನಿನ ತುದಿ ಸಾಹುಕಾರ್ರ ಗದ್ದಕ್ಕೆ ಗೇಣು ದೂರದಲ್ಲಿ ನಿಂತಿತು. ಆಗ ಫೋನ್ ಬಂತು.

"ಎಲ್ಲಿಗಿ ಬಂತ್ರಿ?"

"ನಿಮ್ಮ ಮುಖಕ್ಕೇ ಬಂದೈತ್ರಿ" ಅಂದೆ.

ಐದು ನಿಮಿಷದಲ್ಲಿ ಊರೇ ನೆರೆಯಿತು. ಇಂಥ ಕಡೆ ಜನ ಕೊಡುವ ಸಲಹೆ ಒಂದೇ: ಗಾಲಿಯ ಗಾಳಿ ಬಿಡ್ರಿ. ಸೇತುವೆ ಕೆಳಗೆ ಸಿಕ್ಕಿಕೊಂಡ ಲಾರಿಯ ಗಾಲಿಯ ಗಾಳಿ ಬಿಡಿಸಿದ ಜಾಣ ಹುಡುಗನ ಕತೆ ವಾಟ್ಸಾಪಿನಲ್ಲಿ ಓದದವರು ಯಾರೂ ಉಳಿದಿಲ್ಲ. ಅಜ್ಜ ಬಂದು ಹೇಳಿದರು, ಮೊಮ್ಮಗ ಬಂದು ಹೇಳಿದ, ಸ್ಕೂಟಿ ನಿಲ್ಲಿಸಿ ಒಬ್ಬ ಅಕ್ಕ ಹೇಳಿದರು. ಇಷ್ಟು ಭಾರದ ಕೆಳಗೆ ಗಾಳಿ ಬಿಟ್ಟರೆ ರಿಮ್ಮಿನ ಅಡಿ ಸಿಕ್ಕಿ ಟೈರ್ ಸೀಳುತ್ತದೆ, ಇಳಿಯುವುದು ಒಂದೆರಡು ಇಂಚು, ನಮಗೆ ಬೇಕಾದದ್ದು ಒಂದು ಅಡಿಗಿಂತ ಜಾಸ್ತಿ. ಎಲ್ಲರಿಗೂ ಹೇಳಿದೆ. ಎಲ್ಲರೂ ಕೇಳಿಸಿಕೊಂಡು, "ಅಲ್ರಿ, ಸ್ವಲ್ಪ ಬಿಟ್ಟರ ನೋಡ್ರಿ" ಅಂದರು. ಹೈಡ್ರಾಲಿಕ್ ಆಕ್ಸಲ್ ಗಾಡಿ ಆಗಿದ್ದರೆ ಇಡೀ ಹಾಸನ್ನೇ ಬಟನ್ ಒತ್ತಿ ಇಳಿಸಬಹುದಿತ್ತು. ಆ ಗಾಡಿಯ ಕೊಟೇಶನ್ನೂ ಕೊಟ್ಟಿದ್ದೆ. "ಇಷ್ಟ್ಯಾಕ್ರಿ?" ಅಂದು ಸಾಹುಕಾರ್ರೇ ಪಕ್ಕಕ್ಕಿಟ್ಟಿದ್ದರು.

ಕಮಾನು ಬಿಚ್ಚೋಣ ಅಂದರೆ ಭಟ್ಟರು ಒಪ್ಪಲಿಲ್ಲ. ಪೂಜೆಗೆ ಮುಂಚೆ ತೋರಣ ಬಿಚ್ಚಬಾರದಂತೆ. ಪೂಜೆ ಆಗಬೇಕಾದದ್ದು ಕಮಾನಿನ ಆಚೆ, ಶೆಡ್ಡಿನ ಮುಂದೆ. ಮಷೀನ್ ಈಚೆ. ಹನ್ನೊಂದೂವರೆ ಆಗುತ್ತಾ ಬಂತು. ಕೊನೆಗೆ ಬಿಹಾರದ ಹುಡುಗ ಯಾರನ್ನೂ ಕೇಳಲಿಲ್ಲ. ಮಷೀನ್ ಮೇಲೆ ಹತ್ತಿ, ಅಡ್ಡ ಬೊಂಬಿನ ಕಟ್ಟು ಸಡಿಲಿಸಿ, ಕೋಲಿನ ತುದಿಯನ್ನು ಸಾಹುಕಾರ್ರ ಎದೆಗೆ ಆನಿಸಿ ನಿಧಾನಕ್ಕೆ ಮೇಲೆತ್ತಿದ. ಗಾಡಿ ಇಂಚಿಂಚೇ ಒಳಗೆ ಹೋಯಿತು. ಮೂರು ತಲೆಮಾರು ಗಾಳಿಯಲ್ಲಿ ತೂಗಾಡಿದವು. ಜನ ಚಪ್ಪಾಳೆ ತಟ್ಟಿದರು.

ಅಷ್ಟರಲ್ಲಿ ಫೋಟೋಗ್ರಾಫರ್ ಬಂದ. ಅವನು ಶೆಡ್ಡಿನ ಹತ್ತಿರ ಕಾಯುತ್ತಿದ್ದನಂತೆ. ಸಾಹುಕಾರ್ರು ಬಹಳ ವಿನಯದಿಂದ, "ಇನ್ನೊಂದ್ ಸಲ ಹಿಂದ ತಗೊಂಡ್ ಬರಾಕ ಹೇಳ್ರಿ, ಕಮಾನದಾಗಿಂದ ಬರೂದು ಒಂದ್ ಫೋಟೋ ಬೇಕಲ್ಲ" ಅಂದರು. ಡ್ರೈವರಿಗೆ ಹಿಂದಿಯಲ್ಲಿ ಹೇಳಿದೆ. ಅವನು ತಿರುಗಿ ಹೇಳಿದ್ದು ಸಾಹುಕಾರ್ರಿಗೆ ಅರ್ಥ ಆಗದೇ ಇದ್ದದ್ದು ಒಳ್ಳೆಯದಾಯಿತು. "ಡೀಸೆಲ್ ಇಲ್ಲಂತ್ರಿ" ಅಂತ ನಾನು ಹೇಳಿದೆ.

ಪೂಜೆ ಆಯಿತು, ತೆಂಗಿನಕಾಯಿ ಒಡೆದರು. ಮಷೀನ್ ಇಳಿಸಬೇಕಾದ ಕ್ರೇನ್ ಮಾತ್ರ ಬರಲಿಲ್ಲ. ಕೆನಾಲ್ ರಸ್ತೆಯಲ್ಲಿ ಕಬ್ಬಿನ ಟ್ರೇಲರ್ ಮಗುಚಿತ್ತು, ಕ್ರೇನ್ ಅದನ್ನು ಎತ್ತಲು ಹೋಗಿತ್ತು. ಆ ದಿನ ಪೂರ್ತಿ ಗಾಡಿ ಶೆಡ್ಡಿನ ಮುಂದೆ ನಿಂತಿತು. ಊರವರು ಡ್ರೈವರಿಗೂ ಹುಡುಗನಿಗೂ ಹೋಳಿಗೆ ಊಟ ಹಾಕಿದರು, ಅದರಲ್ಲಿ ಏನೂ ಕಡಿಮೆ ಮಾಡಲಿಲ್ಲ.

ಈಗ ಉಳಿದದ್ದು ಹಾಲ್ಟಿಂಗ್ ಬಿಲ್. ಗಾಡಿ ನಿಂತ ದಿನಕ್ಕೆ ಟ್ರೇಲರ್ ಮಾಲೀಕರಿಗೆ ದುಡ್ಡು ಕೊಡಬೇಕು. ಫಾರ್ಮಿನಲ್ಲಿ 'ತಡವಾದ ಕಾರಣ' ಅಂತ ಒಂದು ಕಾಲಂ ಇದೆ. ನಾನು 'ಸ್ವಾಗತ' ಅಂತ ಬರೆದು ಕಳಿಸಿದ್ದೆ. ಸಾಹುಕಾರ್ರ ಅಕೌಂಟೆಂಟ್ ವಾಪಸ್ ಕಳಿಸಿದ್ದಾರೆ. 'ಕಬ್ಬಿನ ಸೀಸನ್' ಅಂತ ತಿದ್ದಿಕೊಟ್ಟರೆ ಅರ್ಧ ದುಡ್ಡು ಪಾಸ್ ಮಾಡಿಸುತ್ತಾರಂತೆ.