ಎಷ್ಟು ಮಿಲಿಮೀಟರ್ ಉಳಿದಿದೆ?

ಈ ಸಲ ರಜೆಗೆ ಊರಿಗೆ ಹೋದಾಗ ಭಾವನ ಕಾರು ಓಡಿಸಿದೆ. ಎಂಬತ್ತರ ವೇಗದಲ್ಲಿ ಬ್ರೇಕ್ ಒತ್ತಿದರೆ ಸಾಕು, ಸ್ಟೇರಿಂಗ್ ಗಡಗಡ ಅದುರುತ್ತಿತ್ತು. ಕಾಲಿನ ಕೆಳಗೆ ಪೆಡಲ್ ಬಡಿದುಕೊಳ್ಳುತ್ತಿತ್ತು. "ಆರು ತಿಂಗಳಿಂದ ಹೀಗೇ ಇದೆ. ಕಾರು ನಿಲ್ಲುತ್ತಲ್ಲ, ಬಿಡು" ಅಂದರು ಭಾವ. ನಾನು ಬಿಡಲಿಲ್ಲ. ಮರುದಿನ ಬೆಳಿಗ್ಗೆಯೇ ಅವರನ್ನು ಹೊರಡಿಸಿಕೊಂಡು ಅವರ ಮಾಮೂಲಿ ಮೆಕ್ಯಾನಿಕ್ ಹತ್ತಿರ ಹೋದೆ.

ಅವರು ಮುಂದಿನ ಚಕ್ರ ಬಿಚ್ಚಿದರು. ಚಕ್ರದ ಜೊತೆ ತಿರುಗುವ ಕಬ್ಬಿಣದ ತಟ್ಟೆ, ಅಂದರೆ ಬ್ರೇಕ್ ಡಿಸ್ಕ್ ಮೇಲೆ ಹೆಬ್ಬೆರಳು ಆಡಿಸಿ, ಅಂಚಿನಲ್ಲಿ ಸವೆಯದೆ ಎದ್ದು ನಿಂತ ಏಣಿನ ಉಬ್ಬಿಗೆ ಉಗುರು ಸಿಕ್ಕಿಸಿ ನೋಡಿದರು. "ಡಿಸ್ಕ್ ಬೆಂಡ್ ಆಗಿದೆ ಸರ್. ಲೇತ್‌ಗೆ ಕೊಟ್ಟು ಎರಡೂ ಕಡೆ ಸ್ವಲ್ಪ ಹೆರೆದು ಹೊಡೆಸಿದ್ರೆ ಹೊಸದರ ಹಾಗೆ ಆಗುತ್ತೆ."

"ಎಷ್ಟು ದಪ್ಪ ಉಳಿದಿದೆ ಅಣ್ಣ? ಅಳೆದು ನೋಡೋಣವಾ?"

"ಬೇಕಾದಷ್ಟಿದೆ ಸರ್. ಹೊರಗೆ ಹೋದವರೆಲ್ಲ ಹೀಗೇ, ಎಲ್ಲಕ್ಕೂ ನಂಬರ್ ಕೇಳ್ತೀರಿ."

ಭಾವ ನಕ್ಕರು. ನನಗೆ ಚುಚ್ಚಿತು. ನಾನೇನು ದೊಡ್ಡಸ್ತಿಕೆ ತೋರಿಸಲು ಕೇಳಿದ್ದಲ್ಲ. ಆ ಕಾರಿನಲ್ಲಿ ನನ್ನ ಅಕ್ಕ ಓಡಾಡುತ್ತಾಳೆ, ಅವಳ ಮಕ್ಕಳು ಓಡಾಡುತ್ತಾರೆ.

ನಿಜ ಹೇಳಬೇಕೆಂದರೆ ಈ ನಂಬರಿನ ಅಭ್ಯಾಸ ನನಗೂ ಹುಟ್ಟಿನಿಂದ ಬಂದದ್ದಲ್ಲ. ಇಲ್ಲಿಗೆ, ನಾನೀಗ ಇರುವ ಊರಿಗೆ, ಬಂದ ಎರಡನೇ ವರ್ಷ ಸರ್ವೀಸಿಗೆ ಕಾರು ಬಿಟ್ಟಾಗ ಒಂದು ಹಾಳೆ ಕೊಟ್ಟರು. ಮುಂದಿನ ಎಡ ಡಿಸ್ಕ್ 21.8 ಮಿಮೀ, ಬಲ 21.9, ಮಿತಿ 22, ಎರಡೂ ಬದಲಿಸಬೇಕು ಅಂತ ಬರೆದಿತ್ತು. ಸುಮ್ನೆ ದುಡ್ಡು ಕೀಳುತ್ತಿದ್ದಾರೆ ಅಂದುಕೊಂಡೆ. ಕಾರು ಚೆನ್ನಾಗಿಯೇ ನಿಲ್ಲುತ್ತಿತ್ತು, ಅದುರೂ ಇರಲಿಲ್ಲ, ಮತ್ತೆ ಯಾಕೆ ಬದಲಿಸಬೇಕು ಅಂತ ವಾದಕ್ಕಿಳಿದೆ. ಸರ್ವೀಸಿನ ಹುಡುಗ ಒಂದು ಮಾತೂ ಆಡದೆ ನನ್ನನ್ನು ಕಾರಿನ ಕೆಳಗೆ ಕರೆದುಕೊಂಡು ಹೋಗಿ, ಡಿಸ್ಕಿನ ಮೇಲಿನ ತುಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜಿ, ಅಲ್ಲಿ ಒತ್ತಿದ್ದ ಅಕ್ಷರ ತೋರಿಸಿದ. ಮಿನ್ ಟಿಎಚ್ 22, ಅಂದರೆ ದಪ್ಪ 22 ಮಿಮೀಗಿಂತ ಕಡಿಮೆ ಆಗಬಾರದು. ಅಷ್ಟು ವರ್ಷ ಕಾರು ಓಡಿಸಿದ್ದೆ, ಕಂಪನಿಯವರೇ ಕಬ್ಬಿಣದ ಮೇಲೆ ಕೊನೆಯ ಗೆರೆ ಬರೆದು ಕಳಿಸಿರುತ್ತಾರೆ ಅನ್ನುವುದು ನನಗೆ ಗೊತ್ತೇ ಇರಲಿಲ್ಲ. ಹೊಸದರಲ್ಲಿ ಅದು 24. ಸವೆಯಲು ಇರುವುದು ಬರೀ 2 ಮಿಮೀ.

ಆಮೇಲೆ ನಾನೇ ಕೈ ಹಾಕಿ ಕಲಿತೆ. ಯಾಕೆ ಈ ಎರಡು ಮಿಲಿಮೀಟರಿಗೆ ಇಷ್ಟು ಬೆಲೆ ಅಂದರೆ, ಬ್ರೇಕ್ ಒತ್ತಿದಾಗ ಕಾರಿನ ಓಟವೆಲ್ಲ ಶಾಖವಾಗುತ್ತದೆ. ಆ ಶಾಖವನ್ನು ಮೊದಲು ನುಂಗುವುದು ಡಿಸ್ಕಿನ ಎರಕದ ಕಬ್ಬಿಣ. ಕಬ್ಬಿಣ ತೆಳ್ಳಗಾದಷ್ಟೂ ಬೇಗ ಕಾಯುತ್ತದೆ. ಉದ್ದದ ಇಳಿಜಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿದರೆ ಡಿಸ್ಕನ್ನು ಎರಡೂ ಬದಿಯಿಂದ ಒತ್ತಿ ಹಿಡಿಯುವ ಪ್ಯಾಡಿನ ಹಿಡಿತ ಸಡಿಲವಾಗುತ್ತದೆ, ಡಿಸ್ಕ್ ಬಿರುಕು ಬಿಡಬಹುದು, ಶಾಖ ಪ್ಯಾಡ್ ಒತ್ತುವ ಕ್ಯಾಲಿಪರ್ ದಾಟಿ, ಪೆಡಲಿನ ಒತ್ತಡ ಸಾಗಿಸುವ ಬ್ರೇಕ್ ಆಯಿಲ್‌ಗೂ ಮುಟ್ಟುತ್ತದೆ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ. ಡಾಟ್ 4 ಅನ್ನುವ ದರ್ಜೆಯ ಆಯಿಲ್ ಹೊಸದಿದ್ದಾಗ ಕಡಿಮೆ ಅಂದರೂ 230 ಡಿಗ್ರಿವರೆಗೆ ಕುದಿಯಬಾರದು ಅಂತ ನಿಯಮ. ನೀರು ಹೀರಿದ ಮೇಲೆ ಆ ಮಟ್ಟ 155ಕ್ಕೆ ಇಳಿಯುತ್ತದೆ. ಒಳಗೆ ಕುದ್ದು ಗುಳ್ಳೆ ಎದ್ದರೆ ಪೆಡಲ್ ಸೀದಾ ನೆಲಕ್ಕೆ ಹೋಗುತ್ತದೆ. "ನಿಲ್ಲುತ್ತಲ್ಲ" ಅನ್ನುವ ಮಾತು ಅವತ್ತಿನವರೆಗೆ ಮಾತ್ರ ನಿಜ.

ಇನ್ನು ಈ "ಬೆಂಡ್" ಅನ್ನುವ ಮಾತು. ಊರಲ್ಲಿ ಬ್ರೇಕ್ ಅದುರಿದರೆ ಎಲ್ಲರೂ ಹೇಳುವುದು ಅದನ್ನೇ. ಎಷ್ಟೋ ಸಲ ಡಿಸ್ಕ್ ಬೆಂಡ್ ಆಗಿರುವುದೇ ಇಲ್ಲ. ಒಂದು ಸುತ್ತಿನಲ್ಲಿ ಅದರ ದಪ್ಪ ಒಂದೇ ಸಮ ಇರುವುದಿಲ್ಲ, ಅಷ್ಟೇ. ಮಿಲಿಮೀಟರಿನ ನೂರನೇ ಒಂದೆರಡು ಪಾಲು ವ್ಯತ್ಯಾಸ ಇದ್ದರೂ ಕಾಲಿಗೆ ಗೊತ್ತಾಗುತ್ತದೆ. ಇದು ಶುರುವಾಗುವುದು ಹೆಚ್ಚಾಗಿ ಡಿಸ್ಕಿನ ಹಿಂದೆ, ಚಕ್ರ, ಡಿಸ್ಕ್ ಎರಡೂ ಕೂರುವ ಹಬ್ ಮೇಲೆ. ಅಲ್ಲಿ ಒಂದು ಚೂರು ತುಕ್ಕು ಉಳಿದರೂ ಡಿಸ್ಕ್ ನೇರವಾಗಿ ಕೂರುವುದಿಲ್ಲ. ತಿರುಗುವಾಗ ಒಂದೇ ಜಾಗ ಪ್ಯಾಡಿಗೆ ಮತ್ತೆ ಮತ್ತೆ ತಾಗಿ ತಾಗಿ ಅಲ್ಲೇ ಸವೆಯುತ್ತದೆ. ಚಕ್ರದ ನಟ್‌ಗಳನ್ನು ಒಂದನ್ನು ಜಾಸ್ತಿ, ಒಂದನ್ನು ಕಡಿಮೆ ಬಿಗಿದರೂ ಇದೇ ಕಥೆ. ಹಬ್ ಉಜ್ಜದೆ ಬರೀ ಲೇತ್ ಹೊಡೆಸಿದರೆ ಕೆಲವು ಸಾವಿರ ಕಿಲೋಮೀಟರಿನ ನಂತರ ಅದುರು ಮತ್ತೆ ಬರುತ್ತದೆ, ಮತ್ತೆ ಲೇತ್, ಮತ್ತೆ ತೆಳು. ಕೊನೆಗೆ ಎಷ್ಟು ಉಳಿಯಿತು ಅಂತ ಯಾರಿಗೂ ಗೊತ್ತಿಲ್ಲ.

ಇದೇ ನನಗೆ ಸಿಟ್ಟು ಬರಿಸುವುದು. ಲೇತ್ ಹೊಡೆಸುವುದು ತಪ್ಪಲ್ಲ. ದಪ್ಪ ಸಾಕಷ್ಟಿದ್ದರೆ ಅದು ಒಳ್ಳೆಯ ಕೆಲಸವೇ. ಆದರೆ ಹೊಡೆಸುವ ಮೊದಲು ಒಂದು ಸಲ, ಹೊಡೆಸಿದ ಮೇಲೆ ಒಂದು ಸಲ ಅಳೆಯಲು ಏನು ಕಷ್ಟ? 22.5 ಇದ್ದ ಡಿಸ್ಕಿನ ಒಂದೊಂದು ಬದಿಯಲ್ಲಿ 0.3 ಹೋದರೆ 21.9. ಹೊಳಪು ನೋಡಿ ಹೊಸದು ಅಂದುಕೊಂಡು ಮನೆಗೆ ಬರುತ್ತೇವೆ, ಆದರೆ ಅದು ಬಿಸಾಡಬೇಕಾದ ಡಿಸ್ಕ್. ಉಗುರಿಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು? ಎರಡು ದವಡೆಯ ನಡುವೆ ಹಿಡಿದು ಅಳೆಯುವ ವರ್ನಿಯರ್ ಕೂಡ ಸಾಲದು, ಅಂಚಿನ ಏಣು ಅಡ್ಡ ಬಂದು ಅಳತೆ ಜಾಸ್ತಿ ತೋರಿಸುತ್ತದೆ. ಏಣು ತಪ್ಪಿಸಿ ಮಿಲಿಮೀಟರಿನ ನೂರನೇ ಪಾಲನ್ನೂ ಅಳೆಯುವ ಮೈಕ್ರೋಮೀಟರ್ ಬೇಕು, ಸುತ್ತಲೂ ಏಳೆಂಟು ಕಡೆ ಹಿಡಿದು ನೋಡಬೇಕು. ಹತ್ತು ನಿಮಿಷದ ಕೆಲಸ.

ಅವತ್ತು ನಾನೇ ಹೋಗಿ ಒಂದು ಮೈಕ್ರೋಮೀಟರ್ ಕೊಂಡು ತಂದೆ. ಅಷ್ಟರಲ್ಲಿ ಡಿಸ್ಕ್ ಲೇತ್‌ನಿಂದ ಬಂದಿತ್ತು. ಎಂಟು ಕಡೆ ಅಳೆದೆ. ಎಲ್ಲ ಕಡೆಯೂ 22.1. ಅದರ ಮಿತಿಯೂ 22. ಲೇತ್ ಕೆಲಸದಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ, ಅದನ್ನು ಒಪ್ಪಲೇಬೇಕು. ಆದರೆ ಉಳಿದದ್ದು 0.1 ಮಾತ್ರ. ಮೆಕ್ಯಾನಿಕ್ ಅದನ್ನು ನೋಡಿ ಏನೂ ಹೇಳಲಿಲ್ಲ. ಹಬ್ ಉಜ್ಜಿಕೊಡಿ ಅಂದಾಗ ಮಾತ್ರ ತಕ್ಷಣ ಎದ್ದು, ಲೋಹ ಹೊಳೆಯುವವರೆಗೂ ಉಜ್ಜಿದರು.

ಇನ್ನೊಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಡಿಸ್ಕ್ ಕೂರಿಸುವ ಮೊದಲು ಅವರು ಕ್ಯಾಲಿಪರ್ ಅತ್ತಿತ್ತ ಜಾರಲು ಇರುವ ಸ್ಲೈಡ್ ಪಿನ್‌ಗಳನ್ನು ಎಳೆದು ನೋಡಿದರು. ಕೆಳಗಿನದು ಬರಲಿಲ್ಲ. ನಿಧಾನಕ್ಕೆ ತಿರುಗಿಸಿ ತಿರುಗಿಸಿ ಬಿಡಿಸಿ, ಒರೆಸಿ, ಹೊಸ ಗ್ರೀಸ್ ಹಚ್ಚಿದರು. "ಪಿನ್ ಹಿಡ್ಕೊಂಡ್ರೆ ಒಳಗಿನ ಪ್ಯಾಡ್ ಒಂದೇ ಸವೆಯುತ್ತೆ ಸರ್, ಎಷ್ಟು ಹೊಸ ಡಿಸ್ಕ್ ಹಾಕಿದ್ರೂ ಅಷ್ಟೇ" ಅಂದರು. ನಾನು ಅಲ್ಲೇ ನಿಂತುಬಿಟ್ಟೆ. ಇಲ್ಲಿ ನನ್ನ ಕಾರಿನ ಹಾಳೆಯಲ್ಲಿ ಎರಡು ಸಲವೂ ಇದೇ ಬರೆದಿತ್ತು, ಒಳಗಿನ ಪ್ಯಾಡ್ 3 ಮಿಮೀ, ಹೊರಗಿನದು 7. ಎರಡು ಸಲವೂ ಡಿಸ್ಕ್, ಪ್ಯಾಡ್ ಹೊಸದು ಹಾಕಿ ಕಳಿಸಿದ್ದರು. ಒಬ್ಬರೂ ಪಿನ್ ಎಳೆದು ನೋಡಿರಲಿಲ್ಲ. ಅಳತೆ ಸರಿಯಾಗಿಯೇ ಇತ್ತು, ಅದು ಏನು ಹೇಳುತ್ತಿದೆ ಅಂತ ಕೇಳಿಸಿಕೊಂಡವರು ಯಾರೂ ಇರಲಿಲ್ಲ. ನಾನೂ ಕೇಳಿಸಿಕೊಂಡಿರಲಿಲ್ಲ. ವಾಪಸ್ ಬಂದ ವಾರವೇ ಕಾರನ್ನು ಜಾಕ್ ಮೇಲೆತ್ತಿ, ಸ್ಟ್ಯಾಂಡ್ ಕೊಟ್ಟು ಬಿಚ್ಚಿದೆ. ಬಲಗಡೆಯ ಕೆಳಗಿನ ಪಿನ್ ಒಣಗಿ ಹಿಡಿದುಕೊಂಡಿತ್ತು.

ಹಾಗಂತ ನನ್ನ ಅಭಿಪ್ರಾಯ ಪೂರ್ತಿ ಬದಲಾಗಿಲ್ಲ. ಆ ಮೆಕ್ಯಾನಿಕ್ ಕೈ, ಆ ಕಣ್ಣು ಇಲ್ಲಿ ಸಿಗುವುದು ಅಪರೂಪ. ಆ ಕೈಗೆ ಒಂದು ಅಳತೆಯೂ ಸೇರಿದ್ದರೆ ಅನ್ನಿಸುತ್ತದೆ, ಅಷ್ಟೇ. ಮೈಕ್ರೋಮೀಟರನ್ನು ಅವರಿಗೇ ಕೊಟ್ಟು ಬಂದೆ. ಬೇಡ ಬೇಡ ಅಂತಲೇ ತೆಗೆದುಕೊಂಡರು.

ಕಳೆದ ವಾರ ಭಾವ ಒಂದು ಫೋಟೋ ಕಳಿಸಿದರು. ಗ್ರೀಸ್ ಮೆತ್ತಿದ ಬೆರಳುಗಳು, ನಡುವೆ ಮೈಕ್ರೋಮೀಟರ್, ಅದರಲ್ಲಿ 21.9. ಕೆಳಗೆ ಬರೆದಿದ್ದರು: "ಅವರೇ ಅಳೆದು ಹೇಳಿದ್ರು. ಎರಡೂ ಕಡೆ ಹೊಸದು ಹಾಕಿಸ್ತಾ ಇದ್ದೀನಿ."