ಮೆಚ್ಚಿನ ದಶಕಕ್ಕೆ ಒಂದು ಮತ ಹಾಕಿ ಸ್ವಾಮಿ

ಮತ್ತೆ ಬಂದಿದೆ ನೋಡಿ ಆ ಪ್ರಶ್ನೆ. ಸಿನಿಮಾ ಇತಿಹಾಸದಲ್ಲೇ ನಿಮ್ಮ ಮೆಚ್ಚಿನ ದಶಕ ಯಾವುದು? ಒಂದನ್ನು ಮಾತ್ರ ಒತ್ತಿ. ನಿಮಗೂ ಯಾರಾದರೂ ಕಳಿಸಿಯೇ ಇರುತ್ತಾರೆ. ಎಪ್ಪತ್ತಕ್ಕೊಂದು ಚೌಕ, ಎಂಬತ್ತಕ್ಕೊಂದು, ತೊಂಬತ್ತಕ್ಕೊಂದು, ಎರಡು ಸಾವಿರದಿಂದ ಈಚೆಗಿನದಕ್ಕೆ ಎರಡು. ಎಲ್ಲಕ್ಕಿಂತ ಕೆಳಗೆ ಇನ್ನೊಂದು ಚೌಕ: 'ಅದಕ್ಕೂ ಹಿಂದಿನದು'.

ಈ ಕೊನೆಯ ಚೌಕ ಮಾಡಿದ ಪುಣ್ಯಾತ್ಮನ ಧೈರ್ಯ ಮೆಚ್ಚಬೇಕು. ಲೂಮಿಯೇರ್ ಸಹೋದರರು ಪ್ಯಾರಿಸ್ಸಿನಲ್ಲಿ ದುಡ್ಡು ತೆಗೆದುಕೊಂಡು ಜನರಿಗೆ ಚಿತ್ರ ತೋರಿಸಿದ್ದು 1895ರ ಡಿಸೆಂಬರ್ 28ರಂದು. ಅಲ್ಲಿಂದ 1970ರ ತನಕ ಮುಕ್ಕಾಲು ಶತಮಾನ. ಮೂಕಿ ಬಂತು, ಟಾಕಿ ಬಂತು, ಬಣ್ಣ ಬಂತು, ಮಧ್ಯೆ ಎರಡು ಮಹಾಯುದ್ಧ ಬಂದು ಹೋದವು. ಚಾಪ್ಲಿನ್, ಕುರೊಸಾವ, ಸತ್ಯಜಿತ್ ರೇ ಎಲ್ಲರೂ ಅದೇ ಒಂದು ಚೌಕದಲ್ಲಿ ಮಂಡಿ ಮಡಚಿಕೊಂಡು ಕೂತಿದ್ದಾರೆ. ಪಕ್ಕದ ಚೌಕದಲ್ಲಿ ತೊಂಬತ್ತರ ದಶಕ ಕಾಲು ಚಾಚಿ ಮಲಗಿದೆ.

ಗೆಲ್ಲುವುದೂ ಅದೇ. ಮತ ಹಾಕುವವರಿಗೆ ಆಗ ಹದಿನೈದು ವಯಸ್ಸು, ಅದಕ್ಕೇ ಅವರಿಗೆ ಅದು ಇಷ್ಟ. ಇದು ಎಲ್ಲರಿಗೂ ಗೊತ್ತಿರುವ ಜೋಕು, ಇಲ್ಲಿಗೆ ಬಿಡೋಣ. ತೊಂಬತ್ತರವರು ಪಾಪ, ನಿರುಪದ್ರವಿಗಳು. ಅವರಿಗೆ ಬೇಕಾಗಿರುವುದು ವಯಸ್ಸು, ಸಿನಿಮಾ ಅಲ್ಲ.

ನನಗೆ ಭಯ ಎಪ್ಪತ್ತರ ದಶಕದ ಭಕ್ತರದ್ದು. ಇವರು ಓದಿಕೊಂಡವರು. ಇವರನ್ನು ಕೇಳಿ ನೋಡಿ, ಎಪ್ಪತ್ತರ ದಶಕ ಶುರುವಾಗಿದ್ದು 1967ರಲ್ಲಿ ಎನ್ನುತ್ತಾರೆ. ದರೋಡೆಕೋರ ಜೋಡಿಯ ಹಾಲಿವುಡ್ ಸಿನಿಮಾ 'ಬಾನಿ ಅಂಡ್ ಕ್ಲೈಡ್' ಬಂತಲ್ಲ, ಆಗ. ಮುಗಿದಿದ್ದು? 1980ರಲ್ಲಿ, 'ಹೆವೆನ್ಸ್ ಗೇಟ್' ಮಕಾಡೆ ಮಲಗಿದಾಗ. ಅಂದರೆ ಹದಿಮೂರು ವರ್ಷದ ದಶಕ. ಇನ್ನೊಬ್ಬರು ಇನ್ನೂ ಶಿಸ್ತಿನವರು. 1975ರಲ್ಲಿ 'ಜಾಸ್' ಬಂದು ದುಡ್ಡು ಬಾಚಿದ ದಿನವೇ ಎಲ್ಲಾ ಮುಗಿಯಿತು, ಆಮೇಲಿನದು ಬರೀ ವ್ಯಾಪಾರ ಎನ್ನುತ್ತಾರೆ. ಅವರ ದಶಕಕ್ಕೆ ಎಂಟೇ ವರ್ಷ. ಕ್ಯಾಲೆಂಡರಿಗೆ ಇವರು ಟೈಲರ್ ಇಟ್ಟುಕೊಂಡಿದ್ದಾರೆ. ಬೇಕಾದ ಕಡೆ ಬಿಚ್ಚಿ ಉದ್ದ ಮಾಡುತ್ತಾರೆ, ಬೇಡದ ಕಡೆ ಕತ್ತರಿ.

ಅದೇ ದಶಕದಲ್ಲಿ, 1977ರಲ್ಲಿ, 'ಎಕ್ಸಾರ್ಸಿಸ್ಟ್' ಚಿತ್ರದ ಎರಡನೇ ಭಾಗ ಬಂತು. ದೆವ್ವದ ಸಿನಿಮಾ. ಜನ ಥಿಯೇಟರಿನಲ್ಲಿ ಬಿದ್ದು ಬಿದ್ದು ನಕ್ಕರು, ನಿರ್ದೇಶಕರು ಓಡಿಹೋಗಿ ಮತ್ತೆ ಎಡಿಟ್ ಮಾಡಬೇಕಾಯಿತು. ಅದು ಎಪ್ಪತ್ತರ ದಶಕದ ಲೆಕ್ಕಕ್ಕೆ ಬರುವುದಿಲ್ಲ. ಅದನ್ನು ಯಾವ ದಶಕಕ್ಕೆ ಜಮಾ ಮಾಡಿದ್ದಾರೋ ಗೊತ್ತಿಲ್ಲ.

ಇವರಿಗೆ ಒಂದು ದೊಡ್ಡ ಖುಷಿಯ ಸುದ್ದಿಯೂ ಬಂದಿತ್ತು. ಬ್ರಿಟನ್ನಿನ 'ಸೈಟ್ ಅಂಡ್ ಸೌಂಡ್' ಪತ್ರಿಕೆ 1952ರಿಂದ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರನ್ನು ಕೇಳಿ ಜಗತ್ತಿನ ಅತಿ ಶ್ರೇಷ್ಠ ಚಿತ್ರ ಯಾವುದು ಎಂದು ಪಟ್ಟಿ ಮಾಡುತ್ತದೆ. ಮೊದಲ ಸಲ 'ಬೈಸಿಕಲ್ ಥೀವ್ಸ್'. 1962ರಿಂದ 2002ರ ತನಕ 'ಸಿಟಿಜನ್ ಕೇನ್' ಕುರ್ಚಿ ಬಿಟ್ಟು ಏಳಲೇ ಇಲ್ಲ. 2012ರಲ್ಲಿ 'ವರ್ಟಿಗೊ'. 2022ರಲ್ಲಿ ಗೆದ್ದಿದ್ದು 1975ರ ಚಿತ್ರ, ಎಪ್ಪತ್ತರ ದಶಕದ ನಟ್ಟನಡುವಿನದ್ದು! ಭಕ್ತರು ಪಟಾಕಿ ಹೊಡೆಯಬೇಕಿತ್ತು ಅಲ್ವಾ? ಇಲ್ಲ. ಯಾಕೆಂದರೆ ಅದು ಷಾಂಟಾಲ್ ಆಕರ್ಮನ್ ಎಂಬ ಇಪ್ಪತ್ತೈದರ ಹೆಣ್ಣುಮಗಳು ಮಾಡಿದ 'ಝಾನ್ ಡೀಲ್ಮನ್'. ಮೂರು ಗಂಟೆಗೂ ಜಾಸ್ತಿ. ಒಬ್ಬ ವಿಧವೆ ಅಡುಗೆಮನೆಯಲ್ಲಿ ಕೂತು ಆಲೂಗಡ್ಡೆ ಸಿಪ್ಪೆ ಹೆರೆಯುತ್ತಾಳೆ, ಕ್ಯಾಮೆರಾ ಅಲ್ಲಾಡದೆ ನೋಡುತ್ತದೆ, ಅವಳು ಇನ್ನೊಂದು ಆಲೂಗಡ್ಡೆ ತೆಗೆದುಕೊಳ್ಳುತ್ತಾಳೆ. ಗ್ಯಾಂಗ್‌ಸ್ಟರುಗಳ, ಪಿಸ್ತೂಲುಗಳ ದಶಕ ಎಂದು ಎದೆ ತಟ್ಟಿಕೊಂಡಿದ್ದವರಿಗೆ ತಮ್ಮ ದಶಕದ ಮಹಾರಾಣಿ ಏಪ್ರನ್ ಕಟ್ಟಿಕೊಂಡು ಬಂದು ನಿಂತಿದ್ದು ಅರಗಲಿಲ್ಲ. ಇದೇನೋ ಮೋಸ ಎಂದರು.

ಇನ್ನು ಐವತ್ತರ ದಶಕ. ನನಗೆ ಇದರ ಮೇಲೆ ವಿಶೇಷ ಪ್ರೀತಿ, ಆದರೆ ಕಾರಣ ಬೇರೆ. ಆಗ ಅಮೆರಿಕದಲ್ಲಿ ಟೀವಿ ಮನೆಗೆ ಬಂತು, ಜನ ಥಿಯೇಟರಿಗೆ ಹೋಗುವುದು ಬಿಟ್ಟರು. ಸಿನಿಮಾದವರಿಗೆ ತಲೆ ಕೆಟ್ಟಿತು. ಒಳ್ಳೆಯ ಕತೆ ಮಾಡೋಣ ಎಂದು ಯಾರಿಗಾದರೂ ಹೊಳೆಯಿತೋ ಇಲ್ಲವೋ, ಬೇರೆ ಏನೇನೋ ಹೊಳೆಯಿತು. 1952ರಲ್ಲಿ ಕಣ್ಣಿಗೆ ಕನ್ನಡಕ ಹಾಕಿಸಿ ತ್ರೀಡಿ. 1953ರಲ್ಲಿ ಪರದೆಯನ್ನೇ ಎಳೆದು ಅಗಲ ಮಾಡಿ ಸಿನಿಮಾಸ್ಕೋಪ್. 1959ರಲ್ಲಿ ವಿಲಿಯಂ ಕ್ಯಾಸಲ್ ಎಂಬ ಮಹಾನುಭಾವ 'ದಿ ಟಿಂಗ್ಲರ್' ಎಂಬ ಚಿತ್ರಕ್ಕಾಗಿ ಥಿಯೇಟರಿನ ಕೆಲವು ಸೀಟುಗಳ ಅಡಿಗೆ ಸಣ್ಣ ಮೋಟಾರು ಕೂರಿಸಿದರು. ಕತೆ ಏನೆಂದರೆ, ಹೆದರಿಕೆಯಾದಾಗ ಮನುಷ್ಯನ ಬೆನ್ನುಮೂಳೆಯಲ್ಲಿ ಒಂದು ಜಂತು ಬೆಳೆಯುತ್ತದೆ, ಕಿರುಚಿದರೆ ಮಾತ್ರ ಅದು ತಣ್ಣಗಾಗುತ್ತದೆ. ಒಂದು ಹಂತದಲ್ಲಿ ಪರದೆ ಕತ್ತಲಾಗಿ, ಜಂತು ಈ ಥಿಯೇಟರಿಗೇ ನುಗ್ಗಿದೆ, ಜೀವ ಉಳಿಸಿಕೊಳ್ಳಲು ಕಿರುಚಿ ಎಂದು ದನಿಯೊಂದು ಹೇಳುತ್ತದೆ. ಅಷ್ಟರಲ್ಲಿ ಸೀಟು ಗರ್ರ್ ಎಂದು ನಡುಗುತ್ತದೆ. ನಿಮ್ಮದು ನಡುಗುತ್ತದೆ, ಪಕ್ಕದವರದು ಸುಮ್ನೆ ಇರುತ್ತದೆ. ಯಾರನ್ನು ದೂರುವುದು?

ಇಷ್ಟಕ್ಕೇ ನಿಲ್ಲಲಿಲ್ಲ. ಸಿನಿಮಾಕ್ಕೆ ವಾಸನೆ ಕೊಡೋಣ ಎಂದು ಹೊರಟರು. ಅದೂ ಒಬ್ಬರಲ್ಲ, ಇಬ್ಬರು, ಪೈಪೋಟಿಯಲ್ಲಿ! 1959ರ ಡಿಸೆಂಬರಿನಲ್ಲಿ ಒಬ್ಬರು ಚೀನಾ ದೇಶದ ಸಾಕ್ಷ್ಯಚಿತ್ರಕ್ಕೆ ಹವಾನಿಯಂತ್ರಣದ ಕೊಳವೆಯಲ್ಲಿ ಪರಿಮಳ ಬಿಟ್ಟರು. ಮುಂದಿನ ವರ್ಷವೇ ಇನ್ನೊಬ್ಬರು 'ಸೆಂಟ್ ಆಫ್ ಮಿಸ್ಟರಿ' ಎಂಬ ಪತ್ತೇದಾರಿ ಚಿತ್ರಕ್ಕೆ ಸೀಟಿನ ತನಕ ಪೈಪು ಎಳೆದರು. ಕೊಲೆಗಾರನ ಸುಳಿವೇ ವಾಸನೆ. ಆದರೆ ವಾಸನೆಗೆ ಎಡಿಟಿಂಗ್ ಗೊತ್ತಿಲ್ಲವಲ್ಲ. ಕೆಲವರಿಗೆ ಅದು ದೃಶ್ಯ ಮುಗಿದ ಮೇಲೆ ಬಂತು, ಕೆಲವರಿಗೆ ಪೈಪಿನ ಬುಸ್ ಬುಸ್ ಸದ್ದು ಮಾತ್ರ ಕೇಳಿತು, ಹಿಂದಿನ ದೃಶ್ಯದ್ದು ಹೋಗುವ ಮೊದಲೇ ಮುಂದಿನದು ಸೇರಿಕೊಂಡಿತು. ಐವತ್ತರ ದಶಕಕ್ಕೆ ಮತ ಹಾಕುವವರು ಯಾರೂ ಈ ಮೂಗಿನ ಕತೆ ಹೇಳುವುದಿಲ್ಲ. ನಾನಾದರೆ ಇದಕ್ಕೇ ಹಾಕುತ್ತೇನೆ. ಇಷ್ಟು ಪ್ರಾಮಾಣಿಕವಾಗಿ ಹೆದರಿದ ದಶಕ ಇನ್ನೊಂದಿಲ್ಲ.

'ಸುವರ್ಣಯುಗ' ಎಂಬ ಮಾತು ಬಂದಾಗ ಮಾತ್ರ ನನಗೆ ನಗು ನಿಲ್ಲುತ್ತದೆ. ಹಾಲಿವುಡ್ಡಿನ ಅತಿ ಶ್ರೇಷ್ಠ ವರ್ಷ 1939 ಎಂದು ಹೇಳುತ್ತಾರೆ. ಆ ವರ್ಷದ 'ಗಾನ್ ವಿತ್ ದಿ ವಿಂಡ್' ಚಿತ್ರಕ್ಕೆ ಹ್ಯಾಟಿ ಮ್ಯಾಕ್‌ಡೇನಿಯಲ್ ಆಸ್ಕರ್ ಗೆದ್ದರು. ಆ ಪ್ರಶಸ್ತಿ ಪಡೆದ ಮೊದಲ ಕಪ್ಪು ಕಲಾವಿದೆ. ಅಟ್ಲಾಂಟಾದಲ್ಲಿ ನಡೆದ ಚಿತ್ರದ ಮೊದಲ ಪ್ರದರ್ಶನಕ್ಕೆ ಅವರು ಹೋಗುವಂತಿರಲಿಲ್ಲ, ಬಣ್ಣಭೇದದ ಕಾನೂನು. ಪ್ರಶಸ್ತಿ ಕೊಟ್ಟ ಹೋಟೆಲಿನ ಸಭಾಂಗಣದೊಳಗೆ ಅವರನ್ನು ಬಿಟ್ಟುಕೊಳ್ಳಲೂ ವಿಶೇಷ ಅನುಮತಿ ಬೇಕಾಯಿತು. ತಮ್ಮ ಚಿತ್ರದ ತಂಡದ ಜೊತೆ ಕೂರಲಿಲ್ಲ. ಗೋಡೆಯ ಪಕ್ಕ ಒಂದು ಸಣ್ಣ ಮೇಜು ಹಾಕಿದ್ದರು.

ಐವತ್ತರದ್ದೂ ಅದೇ ಹಾಡು. ಚಿತ್ರಕಥೆಗಾರ ಡಾಲ್ಟನ್ ಟ್ರಂಬೊ, ನೀನು ಕಮ್ಯುನಿಸ್ಟಾ ಎಂದು ಕೇಳಿದ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಬಾಯಿ ಬಿಡಲಿಲ್ಲ ಎಂದು ಜೈಲಿಗೆ ಹೋದರು, ಆಮೇಲೆ ಅವರ ಹೆಸರು ಹಾಕುವುದೇ ನಿಷಿದ್ಧ. ಹೆಸರು ಮಾತ್ರ ಬೇಡ, ಬರೆದಿದ್ದು ಬೇಕು! 1957ರ ಆಸ್ಕರ್ ಸಮಾರಂಭದಲ್ಲಿ ಕತೆಗೆ ಪ್ರಶಸ್ತಿ ಬಂದಿದ್ದು ರಾಬರ್ಟ್ ರಿಚ್ ಎಂಬವನಿಗೆ. ಅಂಥವನು ಭೂಮಿಯ ಮೇಲೇ ಇರಲಿಲ್ಲ, ಅದು ಟ್ರಂಬೊ ಇಟ್ಟುಕೊಂಡ ಸುಳ್ಳು ಹೆಸರು. ಅವನ ಪರವಾಗಿ ವೇದಿಕೆ ಹತ್ತಿದವರು, ಪಾಪ ಅವನ ಹೆಂಡತಿಗೆ ಹೆರಿಗೆ, ಆಸ್ಪತ್ರೆಯಲ್ಲಿದ್ದಾನೆ ಎಂದರು. ಟ್ರಂಬೊ ಕೈಗೆ ಆ ಬೊಂಬೆ ಸಿಕ್ಕಿದ್ದು 1975ರಲ್ಲಿ. ಮರುವರ್ಷ ತೀರಿಕೊಂಡರು. ಇದೆಲ್ಲ ಗೊತ್ತಿದ್ದೂ ಸುವರ್ಣಯುಗ ಎಂದು ಕಣ್ಣು ಒರೆಸಿಕೊಳ್ಳುವವರ ಜೊತೆ ನಾನು ಏನು ವಾದ ಮಾಡಲಿ? ಸಾಕಾಗಿದೆ.

ಹೋಗಲಿ, ಎಂಬತ್ತರ ದಶಕಕ್ಕೆ ಬನ್ನಿ. ಇದಕ್ಕೆ ಮತ ಹಾಕುವವರು ತಪ್ಪದೆ ಹೇಳುವ ಚಿತ್ರ ಎರಡು, 'ಬ್ಲೇಡ್ ರನ್ನರ್' ಮತ್ತು 'ದಿ ಥಿಂಗ್'. ಎರಡೂ ಬಿಡುಗಡೆಯಾಗಿದ್ದು ಒಂದೇ ದಿನ, 1982ರ ಜೂನ್ 25. ಎರಡಕ್ಕೂ ಜನ ಬರಲಿಲ್ಲ. ಆ ದಶಕದಲ್ಲೇ ಬದುಕಿದ್ದವರು ಆ ದಶಕದ ರತ್ನಗಳನ್ನು ಬಿಟ್ಟು ಬೇರೆ ಥಿಯೇಟರಿಗೆ ಹೋದರು. ಈಗ ಅವರೇ ಬಂದು ಆಹಾ ಎನ್ನುತ್ತಿದ್ದಾರೆ.

ಒಂದು ದಶಕಕ್ಕೆ ಮಾತ್ರ ಯಾರೂ ಜಗಳ ಆಡುವುದಿಲ್ಲ, ಇಪ್ಪತ್ತರ ದಶಕ. ಆಡುವುದಾದರೂ ಏನನ್ನು ಇಟ್ಟುಕೊಂಡು? ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಲೆಕ್ಕ ಹಾಕಿಸಿತು. 1912ರಿಂದ 1929ರ ತನಕ ಅಲ್ಲಿ ಬಂದ ಪೂರ್ಣಾವಧಿ ಮೂಕಿ ಚಿತ್ರಗಳು 10,919. ಮೂಲ ರೂಪದಲ್ಲಿ ಪೂರ್ತಿಯಾಗಿ ಉಳಿದಿದ್ದು ಶೇಕಡ 14. ಆಗಿನ ನೈಟ್ರೇಟ್ ರೀಲು ಬೆಂಕಿ ಹತ್ತಿದರೆ ಆರುವುದಿಲ್ಲ. 1937ರಲ್ಲಿ ನ್ಯೂಜೆರ್ಸಿಯ ಒಂದೇ ಗೋದಾಮು ಹೊತ್ತಿಕೊಂಡು ಫಾಕ್ಸ್ ಕಂಪನಿಯ ಮೂಕಿ ಚಿತ್ರಗಳ ರಾಶಿಯೇ ಹೋಯಿತು. ಉಳಿದವನ್ನು ಇಡುವುದಕ್ಕೆ ಜಾಗ ಇಲ್ಲ ಎಂದು ಎಸೆದರು, ಬೆಳ್ಳಿ ತೆಗೆಯಲು ಕರಗಿಸಿದರು. ಮೂಕಿ ಚಿತ್ರದಲ್ಲೇ ಚಂದ್ರನಿಗೆ ರಾಕೆಟ್ ಹಾರಿಸಿದ ಫ್ರಾನ್ಸಿನ ನಿರ್ದೇಶಕ ಜಾರ್ಜ್ ಮೆಲಿಯೆ ಕೈಯಲ್ಲಿ ಕಾಸಿಲ್ಲದೆ 1923ರಲ್ಲಿ ತಮ್ಮ ನೆಗೆಟಿವ್‌ಗಳನ್ನು ತಾವೇ ಸುಟ್ಟರು, ಆಮೇಲೆ ರೈಲ್ವೆ ನಿಲ್ದಾಣದಲ್ಲಿ ಆಟಿಕೆ ಮಾರಿದರು. ನಮ್ಮ ದೇಶದ ಮೊದಲ ಟಾಕಿ, 1931ರ 'ಆಲಂ ಆರಾ', ಅದರ ಒಂದು ಪ್ರಿಂಟೂ ಇಲ್ಲ. ಹಾಡು ಕೇಳಲು ಜನ ಮುಗಿಬಿದ್ದರಂತೆ. ಅಂತೆ, ಅಷ್ಟೇ.

ಉಳಿದುಕೊಂಡವು ಹೇಗೆ ಉಳಿದವು ಎಂದು ಕೇಳಿದರೆ ಅದೂ ತಮಾಷೆಯೇ. 1946ರ 'ಇಟ್ಸ್ ಎ ವಂಡರ್‌ಫುಲ್ ಲೈಫ್' ಹಾಕಿದ ದುಡ್ಡು ತರಲಿಲ್ಲ. 1974ರಲ್ಲಿ ಅದರ ಹಕ್ಕುಸ್ವಾಮ್ಯ ನವೀಕರಿಸುವುದನ್ನು ಮರೆತರು. ಪುಕ್ಕಟೆ ಸಿಕ್ಕಿತು ಎಂದು ಟೀವಿಯವರು ಹಾಕಿದರು, ಹಾಕಿದರು, ಜನಕ್ಕೆ ಇಷ್ಟವಾಗುವ ತನಕ ಹಾಕಿದರು. ಈಗ ಅದು ನಲವತ್ತರ ದಶಕದ ಅಮೂಲ್ಯ ಆಸ್ತಿ.

ಈ ಕಾಲದಲ್ಲಿ ಮರೆವಿಗೂ ಅವಕಾಶ ಇಲ್ಲ, ಬೆಂಕಿಯೂ ಬೇಕಿಲ್ಲ. 2022ರ ಆಗಸ್ಟಿನಲ್ಲಿ ಏನಾಯಿತು ನೆನಪಿದೆಯಲ್ಲ? 'ಬ್ಯಾಟ್‌ಗರ್ಲ್'. ಚಿತ್ರೀಕರಣ ಮುಗಿದು ಎಡಿಟಿಂಗ್ ನಡೆಯುತ್ತಿದ್ದ ಚಿತ್ರ, ಸುಮಾರು 9 ಕೋಟಿ ಡಾಲರ್ ಸುರಿದಿದ್ದರು ಎಂದು ವರದಿಯಾಗಿತ್ತು. ಕಂಪನಿ ಅದನ್ನು ಎಲ್ಲೂ ತೋರಿಸುವುದಿಲ್ಲ ಎಂದು ಕಪಾಟಿಗೆ ಹಾಕಿತು. ತೋರಿಸುವುದಕ್ಕಿಂತ ನಷ್ಟ ಎಂದು ಬರೆದುಕೊಂಡರೆ ತೆರಿಗೆಯಲ್ಲಿ ಲಾಭ ಎಂಬ ಲೆಕ್ಕಾಚಾರವಂತೆ. ಕೆಟ್ಟ ಸಿನಿಮಾ ಇದ್ದಿರಬಹುದು. ಕೆಟ್ಟದು ಎಂದು ಬೈಯಲಾದರೂ ನೋಡಬೇಕಲ್ಲ? ನೂರಾರು ಜನ ದುಡಿದಿದ್ದನ್ನು ಒಂದು ಲೆಕ್ಕದ ಪುಸ್ತಕಕ್ಕಾಗಿ ಮುಚ್ಚಿಡುವವರು, ಮತ್ತೆ ನಮ್ಮನ್ನು ಸಿನಿಮಾ ಪ್ರೇಮಿಗಳೇ ಎಂದು ಕರೆಯುತ್ತಾರೆ. ನಾಚಿಕೆಯಾಗಬೇಕು.

ಅದರ ಇಬ್ಬರು ನಿರ್ದೇಶಕರು ಆಮೇಲೆ ಹೇಳಿಕೊಂಡರು. ಸುದ್ದಿ ಕೇಳಿದ ಕೂಡಲೇ ಒಬ್ಬರು ಇನ್ನೊಬ್ಬರಿಗೆ, ಸರ್ವರಿನಲ್ಲಿ ಇರುವುದನ್ನು ಹೇಗಾದರೂ ಕಾಪಿ ಮಾಡಿಕೋ, ಮೊಬೈಲಿನಲ್ಲಾದರೂ ಹಿಡಿದುಕೋ ಎಂದರಂತೆ. ಹೋಗಿ ನೋಡಿದರೆ ಎಲ್ಲಾ ಬಂದ್. ಸ್ವಂತ ಸಿನಿಮಾವನ್ನು ಕದಿಯಲು ಹೊರಟ ಆ ಇಬ್ಬರ ಮೇಲೆ ನನ್ನದು ಒಂದೇ ದೂರು, ಹಿಂದಿನ ದಿನವೇ ಹೋಗಬೇಕಿತ್ತು.